ಬಿಳಿ ವೈನಿಗೆ ತಂಪು ಯಾಕೆ ಬೇಕು?

ಶಹಾಪುರ, ಸುರಪುರದ ಬಿಸಿಲಿಗೆ ದ್ರಾಕ್ಷಿ ಸಿಹಿಯಾಗ್ತದೆ, ಖರೆ. ಆದರೆ ಬಿಳಿ ವೈನಿಗೆ ಹುಳಿಯೂ ಬೇಕು. ಹಣ್ಣಾಗುವಾಗ ರಾತ್ರಿಯೂ ಸೆಕೆಯಿದ್ದರೆ ಹಣ್ಣು ತನ್ನ ಹುಳಿಯನ್ನು ತಾನೇ ತಿಂದುಬಿಡ್ತದೆ, ವೈನು ಸಪ್ಪೆ.

ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ ರಾತ್ರಿ ತಂಪು, ಸಮುದ್ರ ಹತ್ತಿರ. ಅಲ್ಲಿಯ ಸಾವಿನ್ಯಾನ್ ಬ್ಲಾಂಕ್ ತಳಿಯ ವೈನು ಹೆಸರಾದದ್ದೇ ಈ ಹುಳಿಯಿಂದ. ನಮ್ಮ ರಾಜ್ಯದಲ್ಲಿ ಆ ಕೆಲಸ ಎತ್ತರ ಮಾಡ್ತದೆ. ನಂದಿಬೆಟ್ಟದ ತಪ್ಪಲು ಸುಮಾರು 900 ಮೀಟರ್. ನಮ್ಮ ಹೊಲ 400ರ ಆಸುಪಾಸು. ಇಲ್ಲಿ ಬೆಳೆದರೂ ಚಳಿ ಹೋಗುವ ಮೊದಲೇ ಕಟಾವು ಮುಗೀಬೇಕು, ಅದೂ ನಸುಕಿನಲ್ಲಿ.

ಇನ್ನೊಂದು. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು. ಫ್ಯಾಕ್ಟರಿಯವರು ಕೈಬಿಟ್ಟರೆ ಸಂತೆಯಲ್ಲಿ ಯಾರೂ ಮೂಸೋದಿಲ್ಲ. ಹಂದರಕ್ಕೆ ಹಾಕಿದ ದುಡ್ಡು ತೊಗರಿ ಬೀಜದ ದುಡ್ಡಿನಂಗಲ್ಲ. ದರ, ತೂಕ, ಸಿಹಿಯ ಅಳತೆ ಕಾಗದದ ಮೇಲೆ ಬರೆಸಿಕೊಳ್ಳದೆ ಬಳ್ಳಿ ಹಚ್ಚಬ್ಯಾಡ್ರಿ.