ದಾಸವಾಳದ ಮೇಲೊಂದು ಕೋತಿ ಮುಖ

ಬೆಂಗಳೂರಿನ ಹೇರೋಹಳ್ಳಿ ಕೆರೆಯ ಹತ್ತಿರ ಮನೆ ಮಾಡಿರುವ ಓದುಗರೊಬ್ಬರು ತಮ್ಮ ತಾರಸಿಯ ದಾಸವಾಳದ ಫೋಟೊ ಕಳಿಸಿದ್ದಾರೆ. ಕುಡಿ, ಮೊಗ್ಗು, ಎಲೆಯ ತೊಟ್ಟು ಎಲ್ಲವೂ ಬೆಳ್ಳಗೆ. ಅದು ಹಿಟ್ಟು ತಿಗಣೆ ಎಂದು ಅವರಿಗೂ ಗೊತ್ತು. ಕೇಳಿರುವುದು ಬೇರೆ: "ಈ ಬಿಳಿಯ ನಡುವೆ ಉದ್ದ ಕೂದಲಿನ ದೊಡ್ಡ ಹುಳುವೊಂದು ಓಡಾಡುತ್ತೆ. ಇನ್ನೊಂದು ಎಲೆಗೆ ಕೋತಿ ಮುಖದ್ದೇನೋ ಅಂಟಿಕೊಂಡು ಕೂತಿದೆ. ಗಿಡಕ್ಕೆ ದೃಷ್ಟಿಯಾಗಿದೆ, ಕಿತ್ತು ಬಿಸಾಕಿ ಅಂತಾರೆ ಪಕ್ಕದ ಮನೆಯವರು. ಏನು ಮಾಡಲಿ?"

ಕೀಳಬೇಡಿ. ದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಿಟ್ಟು ತಿಗಣೆ ಗಿಡದ ರಸ ಹೀರುತ್ತದೆ; ರಸದಲ್ಲಿ ಸಕ್ಕರೆ ಹೆಚ್ಚು, ಸಾರ ಕಡಿಮೆ; ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಅಂಟಾಗಿ ಸುರಿಸುತ್ತದೆ. ಆ ಅಂಟಿಗೆ ಇರುವೆ ಬರುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗಿಡ ಕಂಗೆಟ್ಟಂತೆ ಕಾಣುವುದು ಇಷ್ಟಕ್ಕೇ. ಕುಂಡಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರೆ ಹಿಟ್ಟು ತಿಗಣೆ ಅದನ್ನೂ ಹತ್ತಿ ಕೂತೀತು.

ಮಜಾ ಇರುವುದು ಆ ಇಬ್ಬರು ಅಪರಿಚಿತರಲ್ಲಿ. ಉದ್ದ ಕೂದಲಿನದು ಹಿಟ್ಟು ತಿಗಣೆಯ ಅಜ್ಜಿಯಲ್ಲ. ಅದೊಂದು ಗುಲಗಂಜಿ ಹುಳುವಿನ ಮರಿ. ಹೆಸರು ಕ್ರಿಪ್ಟೋಲೀಮಸ್. ದೊಡ್ಡದಾದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆಯ ಪುಟ್ಟ ದುಂಬಿಯಾಗುತ್ತದೆ. ಮರಿಯಾಗಿದ್ದಾಗ ಮಾತ್ರ ಮೈಯಿಂದ ಬಿಳಿ ಮೇಣದ ಎಳೆಗಳನ್ನು ಹೊರಡಿಸಿಕೊಂಡು, ತಾನು ತಿನ್ನುವ ತಿಗಣೆಯ ವೇಷದಲ್ಲೇ ತಿಗಣೆಗಳ ನಡುವೆ ಓಡಾಡುತ್ತದೆ. ಗೋಮುಖವ್ಯಾಘ್ರ ಎಂದರೆ ಇದೇ. ತಿಗಣೆಯನ್ನು ಕಾಯುವ ಇರುವೆಗಳೂ ಈ ಮೇಣದೆದುರು ಸುಮಾರಾಗಿ ಸೋಲುತ್ತವೆ. ನಾವಂತೂ ಪೂರ್ತಿ ಸೋಲುತ್ತೇವೆ. "ಅಯ್ಯೋ, ದೊಡ್ಡದೊಂದು ಬಂದಿದೆ" ಎಂದು ಮೊದಲು ಅದನ್ನೇ ಹೊಸಕಿ ಹಾಕುವ ಮನೆಗಳೆಷ್ಟೋ.

ಗುರುತು ಹಿಡಿಯುವುದು ಕಷ್ಟವಲ್ಲ. ಪೊರಕೆ ಕಡ್ಡಿಯಿಂದ ಮೆಲ್ಲಗೆ ತಿವಿಯಿರಿ. ಹಿಟ್ಟು ತಿಗಣೆ ಮೂರು ನಾಲ್ಕು ಮಿಲಿಮೀಟರ್ ಉದ್ದ. ತಿವಿದರೂ ಅಲ್ಲೇ ಕೂತಿರುತ್ತದೆ, ಹೊರಟರೂ ತೆವಳುತ್ತದೆ. ಕ್ರಿಪ್ಟೋಲೀಮಸ್ ಮರಿ ಬಲಿತಾಗ ಒಂದು ಸೆಂಟಿಮೀಟರಿಗೂ ಉದ್ದ, ಸರಸರ ಓಡುತ್ತದೆ. ಮಗುಚಿ ನೋಡಿದರೆ ಮೂರು ಜೊತೆ ಕಾಲು ಸ್ಪಷ್ಟ.

ಇದು ನಮ್ಮೂರ ಹುಳುವೇನಲ್ಲ. ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದದ್ದು. ಒಪ್ಪಿಸಿದ ಕೆಲಸ ಅದಕ್ಕೆ ರುಚಿಸಲಿಲ್ಲ. ಹಿಟ್ಟು ತಿಗಣೆ ರುಚಿಸಿತು, ಇಲ್ಲೇ ಉಳಿಯಿತು. ಮುಂದೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರು ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಇದನ್ನು ಬಿಟ್ಟು ಫಲ ಕಂಡರು. ಪ್ರಯೋಗಾಲಯದಲ್ಲಿ ಇದನ್ನು ಸಾಕುವ ಬಗೆ ಕೇಳಿ: ಸಿಹಿಗುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಬೆಳೆಸುತ್ತಾರೆ, ಅದರ ಮೇಲೆ ದುಂಬಿ ಬಿಡುತ್ತಾರೆ. ದೃಷ್ಟಿ ತೆಗೆಯಲು ಬೂದುಗುಂಬಳ ಒಡೆದು ರಸ್ತೆಯಲ್ಲಿ ಸ್ಕೂಟರ್ ಜಾರಿಸುವ ಊರಿನಲ್ಲಿ, ಗಿಡದ ಕಾಯಿಲೆಗೆ ನಿಜವಾಗಿ ಒದಗಿದ್ದು ಈ ಕುಂಬಳ!

ಇನ್ನು ಕೋತಿ ಮುಖ. ಐದಾರು ಮಿಲಿಮೀಟರಿನ ಕಂದು ಗಂಟು. ಎರಡು ಕಪ್ಪು ಕಣ್ಣು, ಚಪ್ಪಟೆ ಮೂಗು, ಉಬ್ಬಿದ ಕೆನ್ನೆ. ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ನಗು ತಡೆಯಲಾಗುವುದಿಲ್ಲ. ಅದು ಒಂದು ಚಿಟ್ಟೆಯ ಕೋಶ. ಚಿಟ್ಟೆಯ ಹೆಸರು ಸ್ಪಾಲ್ಗಿಸ್ ಎಪಿಯಸ್. ಈ ಮುಖದಿಂದಾಗಿಯೇ ಇಂಗ್ಲಿಷರು ಅದನ್ನು ಏಪ್‌ಫ್ಲೈ ಎಂದು ಕರೆದರು. ಕಣ್ಣು ಕಣ್ಣಲ್ಲ, ಮೂಗು ಮೂಗಲ್ಲ, ಕೋಶದ ಚಿಪ್ಪಿನ ಉಬ್ಬು ತಗ್ಗು ಅಷ್ಟೇ. ಎರಡು ಚುಕ್ಕೆಯ ಕೆಳಗೊಂದು ಗೆರೆ ಕಂಡರೆ ಮುಖ ಮಾಡಿಕೊಳ್ಳುವುದು ನಮ್ಮ ಮಿದುಳಿನ ಚಟ. ಆದ್ದರಿಂದ ದಯವಿಟ್ಟು ಅದಕ್ಕೆ ಕುಂಕುಮವಿಟ್ಟು ಆಂಜನೇಯನನ್ನಾಗಿ ಮಾಡಬೇಡಿ. ಉಸಿರು ಕಟ್ಟಿ ಸತ್ತುಹೋಗುತ್ತದೆ.

ನನಗೆ ಮುಖಕ್ಕಿಂತ ದೊಡ್ಡ ಸೋಜಿಗ ಅದರ ಊಟ. ಚಿಟ್ಟೆಯ ಹುಳು ಎಂದರೆ ಎಲೆ ತಿನ್ನುವುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಈ ಹುಳು ಎಲೆ ಮುಟ್ಟುವುದಿಲ್ಲ. ತಾಯಿ ಚಿಟ್ಟೆ ಹಿಟ್ಟು ತಿಗಣೆಗಳ ಗುಂಪಿನಲ್ಲೇ ಮೊಟ್ಟೆಯಿಡುತ್ತದೆ. ಮರಿ ಹೊರಬಂದು ತಿಗಣೆಗಳನ್ನೂ ಅವುಗಳ ಮೊಟ್ಟೆಗಳನ್ನೂ ಮುಕ್ಕುತ್ತದೆ. ಶುದ್ಧ ಮಾಂಸಾಹಾರಿ! ಗಿಡ್ಡ, ಚಪ್ಪಟೆ ಮೈ, ಕಾಲು ಕಾಣುವುದಿಲ್ಲ, ತಿಗಣೆಯ ಮೇಣದ ಪುಡಿ ಬೆನ್ನಿಗೆಲ್ಲ ಮೆತ್ತಿಕೊಂಡಿರುವುದರಿಂದ ಗುಂಪಿನಲ್ಲಿ ಬೇರೆಯಾಗಿ ಕಾಣುವುದೂ ಇಲ್ಲ. ನಾಲ್ಕು ಹಂತ ಬೆಳೆದು ಕೋಶವಾಗಿ, ಮೊಟ್ಟೆಯಿಂದ ಮೂರು ನಾಲ್ಕು ವಾರದಲ್ಲಿ ಚಿಟ್ಟೆಯಾಗಿ ಹಾರುತ್ತದೆ. ಚಿಟ್ಟೆ ಮಾತ್ರ ಕಂದು ಬಣ್ಣದ ಸಪ್ಪೆ ಜೀವಿ; ಪಕ್ಕದಲ್ಲೇ ಹಾರಿದರೂ ಯಾರೂ ತಿರುಗಿ ನೋಡುವುದಿಲ್ಲ.

ಇದರ ಜೀವನಚಕ್ರವನ್ನು ವಿವರವಾಗಿ ಬರೆದಿಟ್ಟವರು ಹೇರೋಹಳ್ಳಿಯಿಂದ ಬಹಳ ದೂರವಿಲ್ಲದ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದವರು. ಪ್ರಾಣಿಶಾಸ್ತ್ರ ವಿಭಾಗದ ಎಂ. ಜಿ. ವೆಂಕಟೇಶ ಮತ್ತು ಅವರ ಸಂಗಡಿಗರ ಪ್ರಬಂಧ 2010ರಲ್ಲಿ ಬಂತು. ಅದೇ ವರ್ಷ ಹೆಬ್ಬಾಳದ ಕೀಟ ಸಂಸ್ಥೆಯವರು, 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ಪರಂಗಿ ತೋಟಗಳನ್ನು ನುಂಗುತ್ತಿದ್ದ ಹಿಟ್ಟು ತಿಗಣೆಗೆ ಪೋರ್ಟೊರಿಕೊದಿಂದ ಕಣಜಗಳನ್ನು ತರಿಸಿ ಬಿಟ್ಟು ಗೆದ್ದರು. ಬಿಳಿ ಹುಳುಗಳ ವಿದ್ಯೆಗೆ ಬೆಂಗಳೂರೇ ರಾಜಧಾನಿ ಎಂದರೆ ಹೆಚ್ಚಲ್ಲ.

ಬಿಳಿ ಹುಳುವನ್ನು ತಪ್ಪಾಗಿ ಗುರುತಿಸಿದವರಲ್ಲಿ ನಿಮ್ಮ ಪಕ್ಕದ ಮನೆಯವರೇ ಮೊದಲಿಗರಲ್ಲ. 1795ರಲ್ಲಿ, ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟ ಎಂದುಕೊಂಡು ಬ್ರೆಜಿಲ್‌ನಿಂದ ಭಾರತಕ್ಕೆ ತಂದದ್ದು ಅದರ ದಾಯಾದಿಯನ್ನು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಹುಳು ಮಾತ್ರ ಪಾಪಾಸುಕಳ್ಳಿಯನ್ನು ಹೊಲಗಟ್ಟಲೆ ತಿಂದು ಮುಗಿಸಿತು!

ಹಾಗಾದರೆ ಮಾಡುವುದೇನು? ಔಷಧಿ ಹೊಡೆದರೆ ತಿಗಣೆಯ ಜೊತೆ ಈ ಇಬ್ಬರೂ ಸಾಯುತ್ತಾರೆ; ಕೊನೆಗೆ ಮೇಣದ ರಕ್ಷೆಯಿರುವ ತಿಗಣೆಯೇ ಮೊದಲು ಚೇತರಿಸಿಕೊಳ್ಳುತ್ತದೆ. ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟಿಗೆಯ ಮೇಲಿಟ್ಟು ಇರುವೆಯ ದಾರಿ ತಪ್ಪಿಸಿ. ತಟ್ಟೆಯ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ, ಇಲ್ಲವಾದರೆ ಸೊಳ್ಳೆ ಸಾಕಿದಂತಾದೀತು. ತೀರಾ ಹಾಳಾದ ಕುಡಿಯನ್ನಷ್ಟೇ ಚಿವುಟಿ, ಅದಕ್ಕೆ ಮುಂಚೆ ಹಿಂದೆ ಮುಂದೆ ತಿರುಗಿಸಿ ನೋಡಿ. ಓಡುವ ಬಿಳಿ ಹುಳುವೋ ಕೋತಿ ಮುಖವೋ ಕಂಡರೆ ಆ ಕೊಂಬೆಗೆ ಕತ್ತರಿ ಹಾಕಬೇಡಿ.