ಕಡುಬಿನ ಹಬೆಯ ಮುಂದೆ

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕೊಪ್ಪದಿಂದ ಒಂದಿಷ್ಟು ಒಳಗಿರುವ ನಮ್ಮ ಮನೆಯ ಹಂಚಿನಂಚಿನಿಂದ ನೀರು ಬಿಡುವಿಲ್ಲದೆ ಇಳಿಯುತ್ತಿತ್ತು. ಕಾಲು ಜಾರದಿರಲೆಂದು ಅಂಗಳಕ್ಕೆ ಹಾಸಿದ್ದ ಅಡಿಕೆ ಸೋಗೆ ನೀರು ಕುಡಿದು ಕಪ್ಪಾಗಿತ್ತು. ಗಂಟೆ ಏಳೂವರೆಯಾದರೂ ತೋಟದ ಕಡೆಯಿಂದ ಬೆಳಕು ಬಂದಿರಲಿಲ್ಲ. ಅಡಿಗೆಮನೆಯಲ್ಲಿ ಒಲೆಯ ಬೆಂಕಿಯದೇ ಬೆಳಕು. ಅವ್ವ ಹಬೆಪಾತ್ರೆಯ ಮುಚ್ಚಳ ತೆಗೆದಳು. ಬಿಳಿಯ ಹಬೆ ಒಮ್ಮೆಗೇ ಎದ್ದು, ಹೊಗೆ ಹಿಡಿದ ತೊಲೆಗಳವರೆಗೆ ಹೋಗಿ ಹರಡಿತು. ಹಬೆ ತೆಳುವಾದ ಮೇಲೆ ಒಳಗೆ ಕಂಡದ್ದು ಕಿತ್ತಳೆಯ ಗಾತ್ರದ ಉಂಡೆ ಕಡುಬುಗಳು. ಬೆಂದ ಅಕ್ಕಿ ತರಿಯ ಆ ಪರಿಮಳಕ್ಕೆ ನಮ್ಮ ಕಡೆ ಬೇರೆ ಹೆಸರಿಲ್ಲ. ಮಳೆಗಾಲದ ಬೆಳಗು ಅಂದರೆ ಅದೇ.

ಪಕ್ಕದ ಒಲೆಯಲ್ಲಿ ನಾಟಿಕೋಳಿ ಸಾರು ಕುದಿಯುತ್ತಿತ್ತು. ಅಪ್ಪಯ್ಯ, ಅಣ್ಣ, ಅತ್ತಿಗೆ, ಮಕ್ಕಳು ಸಾಲಾಗಿ ಕೂತರು. ತಟ್ಟೆಗೆ ಬಿದ್ದ ಕಡುಬನ್ನು ಮುರಿದು, ನಡುವೆ ಗುಳಿ ಮಾಡಿ, ಸಾರು ಹೊಯ್ಯಿಸಿಕೊಂಡರು. ನಾನು ಸಾಲಿನಲ್ಲಿ ಕೂರಲಿಲ್ಲ. ಕಿಟಕಿಯ ಹತ್ತಿರದ ಮಣೆಯ ಮೇಲೆ ನನ್ನ ತಟ್ಟೆ ಇತ್ತು. ಬೆಣ್ಣೆಯಲ್ಲಿ ಹುರಿದ ಎರಡು ಮೊಟ್ಟೆ, ಒಂದಿಷ್ಟು ಬಸಳೆ ಸೊಪ್ಪಿನ ಪಲ್ಯ, ಬೆಲ್ಲವಿಲ್ಲದ ಕಾಫಿ. ಅನ್ನ ಬಿಟ್ಟು ಅಂದಿಗೆ ಐದನೆಯ ದಿನ.

"ಒಂದಾದ್ರೂ ತಿನ್ನು ಮಾರಾಯ, ಸಾರು ಇಟ್ಕಂಡು ಕಡುಬು ಬಿಟ್ರೆ ಹೆಂಗೆ?" ಎಂದಳು ಅವ್ವ. ನಾನು ತಲೆಯಾಡಿಸಿದೆ. ಅವಳು ಮತ್ತೆ ಕೇಳಲಿಲ್ಲ. ಕೈಯಲ್ಲಿದ್ದ ಕಡುಬನ್ನು ಪಾತ್ರೆಗೆ ವಾಪಸು ಇಟ್ಟಳು. ಬಡಿಸಲು ಹೋದ ಕೈ ಹಾಗೆ ಹಿಂದಕ್ಕೆ ಬಂದದ್ದನ್ನು ನೋಡುವುದು ಹಸಿವಿಗಿಂತ ಕಷ್ಟವಾಯಿತು.

ನಾನು ಈ ದಾರಿ ಹಿಡಿದದ್ದಕ್ಕೆ ಕಾರಣವಿತ್ತು. 'ಮೂರು ತಿಂಗಳ ಸಕ್ಕರೆ' ಪರೀಕ್ಷೆಯ ಅಂಕಿ ಎರಡು ವರ್ಷದಿಂದ ಏರುತ್ತಲೇ ಇತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಬೆಳೆಗಾರರಿಗೆ ಹಳದಿ ಎಲೆ ರೋಗವನ್ನು ವಿವರಿಸಬೇಕಿಲ್ಲ. ಆ ರೋಗ ಹಿಡಿದ ಮರ ಒಂದು ದಿನದಲ್ಲಿ ಬೀಳುವುದಿಲ್ಲ. ಹೆಡೆಯ ತುದಿ ಹಳದಿಯಾಗುತ್ತದೆ, ವರ್ಷದಿಂದ ವರ್ಷಕ್ಕೆ ಗೊನೆ ಸಣ್ಣದಾಗುತ್ತದೆ, ನಿಂತ ಮರ ನಿಂತಂತೆಯೇ ಒಳಗೆ ಸೊರಗುತ್ತದೆ. ಸಕ್ಕರೆ ಕಾಯಿಲೆಯೂ ಹೀಗೆಯೇ ಎಂದು ನನಗೆ ಅರ್ಥವಾದದ್ದು ನಮ್ಮ ತೋಟವನ್ನು ನೋಡಿಯೇ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ, ಅಂದರೆ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದೇ ಅಧ್ಯಯನದ 2025ರ ವರದಿ ನಮ್ಮ ತಟ್ಟೆಯನ್ನೇ ತೂಗಿ ನೋಡಿತು. ಭಾರತೀಯರು ದಿನಕ್ಕೆ ಪಡೆಯುವ ಶಕ್ತಿಯಲ್ಲಿ ಸುಮಾರು ಶೇ 62 ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಕೀಟೋ ಎಂಬ ಪಥ್ಯ ಮಾಡಿ ಮೈ ಇಳಿಸಿಕೊಂಡಿದ್ದ. ಅವನಿಂದ ಕೇಳಿ ತಿಳಿದೆ, ವೈದ್ಯರ ಹತ್ತಿರವೂ ಹೋದೆ. ಅವರು ಬೇಡವೆನ್ನಲಿಲ್ಲ, ಎಚ್ಚರಿಸಿದರು. "ಮಾತ್ರೆ ತಗೊಳ್ಳೋರು ಕೇಳದೆ ಶುರು ಮಾಡಬಾರದು. ಇನ್ಸುಲಿನ್ ಮತ್ತೆ ಕೆಲವು ಮಾತ್ರೆಗಳನ್ನ ಕಡಿಮೆ ಮಾಡದೆ ಅನ್ನ ಬಿಟ್ರೆ ಸಕ್ಕರೆ ಪೂರಾ ಕೆಳಗೆ ಬೀಳುತ್ತೆ. ಇನ್ನು ಕೆಲವು ಮಾತ್ರೆ ಇದ್ರೆ ಕೀಟೋ ಮಾಡಲೇಬಾರದು" ಎಂದರು. ನನ್ನ ಮಾತ್ರೆ ನೋಡಿ, ರಕ್ತ ಪರೀಕ್ಷೆಯ ದಿನಗಳನ್ನು ಗುರುತು ಹಾಕಿಕೊಟ್ಟರು.

ಕೀಟೋ ಹುಟ್ಟಿದ್ದು ಮೈ ಇಳಿಸುವುದಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅದನ್ನು ರೂಪಿಸಿದ್ದು ಮೂರ್ಛೆರೋಗಕ್ಕೆ. ಉಪವಾಸವಿದ್ದಾಗ ಮೂರ್ಛೆ ಕಡಿಮೆಯಾಗುವುದು ಹಿಂದಿನಿಂದಲೂ ಕಂಡ ಸಂಗತಿ. ಉಪವಾಸವನ್ನು ಎಷ್ಟು ದಿನ ಎಳೆಯಲು ಸಾಧ್ಯ? ಪಿಷ್ಟವನ್ನು ತೀರಾ ಇಳಿಸಿ ಕೊಬ್ಬನ್ನು ಏರಿಸಿದರೆ, ಊಟ ಮಾಡುತ್ತಿದ್ದರೂ ದೇಹ ಉಪವಾಸದಲ್ಲಿರುವಂತೆ ನಡೆದುಕೊಳ್ಳುತ್ತದೆ. ಯಕೃತ್ತು ಕೊಬ್ಬನ್ನು ಕೀಟೋನ್‌ಗಳಾಗಿ ಒಡೆಯುತ್ತದೆ, ಮಿದುಳು ಬಹುಪಾಲು ಅವನ್ನೇ ಉರಿಸಿಕೊಳ್ಳುತ್ತದೆ. ಇದಾಗಬೇಕಾದರೆ ದಿನದ ಪಿಷ್ಟ 20ರಿಂದ 50 ಗ್ರಾಂ ಒಳಗೇ ನಿಲ್ಲಬೇಕು.

ಆ ಲೆಕ್ಕ ಹಿಡಿದು ನಾನು ಗ್ರಾಂ ತೋರಿಸುವ ಪುಟ್ಟ ತಕ್ಕಡಿಯೊಂದನ್ನು ತಂದೆ. ಅಡಿಗೆಮನೆಯ ಗೂಡಿನಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಪಾವಿನ ಪಕ್ಕದಲ್ಲಿ ಅದು ಕೂತಿತು. ಅವ್ವ ಅಕ್ಕಿ ಅಳೆಯುವುದು ಇವತ್ತಿಗೂ ಆ ಪಾವಿನಲ್ಲೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ. ನಮ್ಮ ಮನೆಯ ಒಂದು ಕಡುಬಿಗೆ ಹತ್ತಿರ ಹತ್ತಿರ 50 ಗ್ರಾಂ ತರಿ ಬೇಕು. ಒಂದೇ ಕಡುಬಿಗೆ ಇಡೀ ದಿನದ ಲೆಕ್ಕ ಬಹುಪಾಲು ಮುಗಿಯಿತು. ನಮ್ಮ ಕಡೆ ಒಂದು ಕಡುಬಿಗೆ ಯಾರೂ ಏಳುವುದಿಲ್ಲ.

ಮೂರನೆಯ ದಿನ ಮೈ ತಿರುಗಿಬಿದ್ದಿತ್ತು. ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ನೀರು ಬಿಡಿಸಲು ಇಳಿದವನಿಗೆ ದರೆ ಹತ್ತಿ ವಾಪಸು ಬರಲಾಗಲಿಲ್ಲ. ಹಣೆಯ ಎರಡೂ ಕಡೆ ಬಡಿತ, ಕಣಕಾಲಿನಲ್ಲಿ ಸೆಳೆತ, ಕಣ್ಣ ಮುಂದೆ ಮಂಪರು. ಛತ್ರಿಯೂರಿ ಅಡಿಕೆ ಮರಕ್ಕೆ ಒರಗಿ ನಿಂತೆ. ದೇಹ ಪಿಷ್ಟವನ್ನು ಗ್ಲೈಕೋಜನ್ ಎಂದು ಕೂಡಿಟ್ಟಿರುತ್ತದೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರೂ ಕಟ್ಟಿಕೊಂಡಿರುತ್ತದೆ. ಅನ್ನ ನಿಂತಾಗ ಆ ಕೂಡಿಟ್ಟದ್ದು ಕರಗುತ್ತದೆ, ನೀರು ಹೊರಟುಹೋಗುತ್ತದೆ, ನೀರಿನ ಹಿಂದೆ ಉಪ್ಪೂ ಹೋಗುತ್ತದೆ. ಮೊದಲ ವಾರ ತೂಕ ಇಳಿದಂತೆ ಕಾಣುವುದು ಬಹುಪಾಲು ಈ ನೀರೇ. ಕೀಟೋ ಜ್ವರ ಎಂದು ಕರೆಯುವ ಸುಸ್ತಿಗೂ ಇದೇ ಮುಖ್ಯ ಕಾರಣ.

ಅವ್ವನಿಗೆ ಈ ಯಾವುದೂ ಗೊತ್ತಿರಲಿಲ್ಲ. ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ, ನಿತ್ರಾಣ. ಗಂಜಿ ಬ್ಯಾಡ ಅಂದ್ರೆ ಉಪ್ಪು ಹಾಕಿ ಮಜ್ಜಿಗೆನಾದ್ರೂ ಕುಡಿ" ಎಂದು ಚೊಂಬಿನ ತುಂಬ ತಂದಳು. ಶುಂಠಿ ಜಜ್ಜಿ, ಕರಿಬೇವು ಹಿಸುಕಿ, ಕಲ್ಲುಪ್ಪು ಕರಗಿಸಿದ ನೀರು ಮಜ್ಜಿಗೆ. ಸಂಜೆಯ ಹೊತ್ತಿಗೆ ತಲೆ ಹಗುರಾಯಿತು. ಮಾರನೆಯ ದಿನ ಫೋನಿನಲ್ಲಿ ವೈದ್ಯರು ಹೇಳಿದ್ದೂ ಅದನ್ನೇ, ನೀರು ಮತ್ತು ಉಪ್ಪು.

ಎರಡನೆಯ ವಾರ ಪೇಟೆಗೆ ಹೋದೆ. ಮಳೆಗಾಲದ ಕೊಪ್ಪ ಬಸ್ ನಿಲ್ದಾಣವೆಂದರೆ ಒದ್ದೆ ಛತ್ರಿಗಳು, ಕಂಬಳಿ ಕೊಪ್ಪೆಯ ಒಬ್ಬಿಬ್ಬರು ಹಿರಿಯರು, ಹೋಟೆಲಿನ ಬಾಗಿಲಿಂದ ಬರುವ ಬನ್ಸಿನ ವಾಸನೆ. ಬನ್ಸು, ಗೋಳಿಬಜೆ, ನೀರುದೋಸೆ, ಅವಲಕ್ಕಿ, ಒತ್ತು ಶ್ಯಾವಿಗೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದೊಂದನ್ನೂ ಕಣ್ಣಲ್ಲೇ ಅಳೆದೆ, ಯಾವುದೂ ನನ್ನದಾಗಿರಲಿಲ್ಲ. ಕಾಫಿ ಮಾತ್ರ ತರಿಸಿದೆ. ಭಾರತದ ಕಾಫಿ ಸಂಶೋಧನೆ ಮೊದಲು ನೆಲೆ ಕಂಡದ್ದು ಇದೇ ಕೊಪ್ಪದಲ್ಲಿ, 1915ರಲ್ಲಿ. 1925ರಲ್ಲಿ ಅದು ಬಾಳೆಹೊನ್ನೂರಿನ ಬಳಿಗೆ ಹೋಯಿತು. ಮನೆಯಲ್ಲಿ ಬೆಲ್ಲವಿಲ್ಲದೆ ಕುಡಿಯುತ್ತಿದ್ದರೂ ಈ ನೆಲದ ಬೀಜದ ಕಹಿ ರುಚಿಯನ್ನು ನಾನು ನಿಜವಾಗಿ ಸವಿದದ್ದು ಅದೇ ಮೊದಲು. ಅದು ಈ ದಿನಗಳು ಕೊಟ್ಟ ಮೊದಲ ಸುಖ.

ಎದುರಿಗೆ ಕೂತ ಹಿರಿಯರೊಬ್ಬರು ನನ್ನ ಕಥೆ ಕೇಳಿ ಅಂದರು: "ನಾವು ಹುಡುಗರಿದ್ದಾಗ ನಟ್ಟಿ ದಿನ ಆರು ಕಡುಬು ತಿಂದು ಗದ್ದೆಗಿಳಿದ್ರೆ ಹತ್ತು ಗಂಟೆಗೆ ಮತ್ತೆ ಹಸಿವು. ಈಗ ಗದ್ದೆ ಎಲ್ಲಿದೆ ಮಾರ್ರೆ? ಎಲ್ಲ ಅಡಿಕೆ ಆಯ್ತು." ಅವರ ಮಾತಿನಲ್ಲಿ ನಮ್ಮ ಸಕ್ಕರೆ ಕಾಯಿಲೆಯ ಒಂದು ಮೂಲವಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಕತ್ತಲವರೆಗೆ ಬಗ್ಗಿ ನಿಂತ ಬೆನ್ನು ಆ ಆರು ಕಡುಬನ್ನೂ ಉರಿಸಿಬಿಡುತ್ತಿತ್ತು. ಗದ್ದೆ ತೋಟವಾಯಿತು, ಕಳೆ ಕೊಚ್ಚಲು ಯಂತ್ರ ಬಂತು, ನಡೆಯುವ ದಾರಿಗೆ ಬೈಕ್ ಬಂತು. ಕುಚ್ಚಲಕ್ಕಿಯ ಜಾಗಕ್ಕೆ ನುಣ್ಣನೆಯ ಬಿಳಿ ಅಕ್ಕಿ ಬಂತು. ತಟ್ಟೆಯ ಅಳತೆ ಮಾತ್ರ ನಟ್ಟಿಯ ದಿನದ್ದೇ ಉಳಿಯಿತು.

ಅದಾದ ಮೇಲೆ ಶೃಂಗೇರಿಗೆ ಹೋದದ್ದು ನೆಂಟರ ಮಗುವಿನ ಅಕ್ಷರಾಭ್ಯಾಸಕ್ಕೆ. ತುಂಗೆ ಕೆಂಪಾಗಿ ಮೆಟ್ಟಿಲುಗಳನ್ನು ಏರಿ ಹರಿಯುತ್ತಿದ್ದಳು. ನೀರು ತಿಳಿಯಿದ್ದಾಗ ಅದೇ ಮೆಟ್ಟಿಲ ಬುಡಕ್ಕೆ ಬರುವ ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕುತ್ತ ನಾನು ಬೆಳೆದವನು. ಶಾರದೆಯ ಸನ್ನಿಧಿಯಲ್ಲಿ ಮಗುವಿನ ಪುಟ್ಟ ಬೆರಳು ಹಿಡಿದು ಓಂಕಾರ ಬರೆಸಿದ್ದೂ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ. ತಲೆಗೆ ಬಿದ್ದ ಮಂತ್ರಾಕ್ಷತೆಯೂ ಅಕ್ಕಿ. ಅಕ್ಕಿ ನಮಗೆ ಬರೀ ಆಹಾರವಾಗಿದ್ದರೆ ಬಿಡುವುದು ಸುಲಭವಿತ್ತು.

ಮಠದ ಭೋಜನಶಾಲೆಯಲ್ಲಿ ನೂರಾರು ಮಂದಿ ಸಾಲಾಗಿ ಕೂತಿದ್ದರು. ಬಿಸಿ ಅನ್ನದ ಪಾತ್ರೆ ಹಿಡಿದವರು ವೇಗವಾಗಿ ಬಂದರು. ಪಕ್ಕದವರ ತಟ್ಟೆಗೆ ಬಿದ್ದ ಅನ್ನದ ಗುಡ್ಡೆಯಿಂದ ಹಬೆ ಏಳುತ್ತಿತ್ತು. ನನ್ನ ಸರದಿ ಬಂದಾಗ ಕೈ ಅಡ್ಡ ಹಿಡಿಯಲು ಹೋದೆ, ಹಿಡಿಯಲಾಗಲಿಲ್ಲ. "ಸ್ವಲ್ಪ ಸಾಕು ಸ್ವಾಮಿ" ಎಂದೆ. ಬಡಿಸುವವರು ಏನೂ ಕೇಳದೆ ಒಂದು ಹಿಡಿಯಷ್ಟು ಹಾಕಿ ಮುಂದೆ ಹೋದರು. ಸಾರು ಕಲಸಿ ನಿಧಾನವಾಗಿ ಉಂಡೆ. ಮೂರು ವಾರದ ಮೇಲೆ ನಾಲಿಗೆಗೆ ತಾಗಿದ ಅನ್ನ. ಅದರಲ್ಲಿ ಸಿಹಿಯಿದೆ ಎಂದು ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ತಿಳಿಯಿತು. ಕೀಟೋ ನಿಯಮ ಅಲ್ಲಿಗೆ ಮುರಿದಿರಬಹುದು, ನನಗೆ ತಪ್ಪು ಮಾಡಿದೆ ಅನ್ನಿಸಲಿಲ್ಲ. ಸಾಲಿನಲ್ಲಿ ಕೂತು ಉಂಡೆನಲ್ಲ ಎಂಬ ನೆಮ್ಮದಿಯೇ ದೊಡ್ಡದಾಗಿತ್ತು.

ಅಲ್ಲಿಂದ ನರಸಿಂಹರಾಜಪುರದ ಅಕ್ಕನ ಮನೆಗೆ. ಅಕ್ಕನ ಮನೆಯಿಂದ ಸ್ವಲ್ಪ ನಡೆದರೆ ಭದ್ರಾ ಹಿನ್ನೀರು. ಲಕ್ಕವಳ್ಳಿಯ ಅಣೆಕಟ್ಟು 1965ರಲ್ಲಿ ಮುಗಿದು ನೀರು ನಿಂತಾಗ ಈ ಕಡೆಯ ಊರುಗಳೂ ಗದ್ದೆಗಳೂ ಅದರಡಿ ಹೋದವು. ಭಾವನ ಹಿರಿಯರ ಗದ್ದೆಯೂ ಅಲ್ಲೇ ಇದೆ. ಆ ನೀರು ಕಾಲುವೆಗಳಲ್ಲಿ ಹರಿದು ದಾವಣಗೆರೆ ಸೀಮೆಯನ್ನು ಭತ್ತದ ಕಣಜ ಮಾಡಿತು. ಅಕ್ಕನ ಮನೆಯ ಮೂಲೆಯಲ್ಲಿರುವ ಅಕ್ಕಿ ಚೀಲ ಬಂದದ್ದು ಆ ಬಯಲಿನಿಂದ. ಮುಳುಗಿದ ಗದ್ದೆಯ ನೀರೇ ಪಾಲಿಶ್ ಮಾಡಿದ ಅಕ್ಕಿಯಾಗಿ ಮನೆಗೆ ಮರಳಿದೆ.

ಹಿನ್ನೀರಿನಲ್ಲಿ ಮಬ್ಬು ಕವಿದಿತ್ತು. ತೆಪ್ಪದವರೊಬ್ಬರು ದಡಕ್ಕೆ ಬಂದು ಬುಟ್ಟಿ ಇಳಿಸಿದರು. ಬೆಳ್ಳಿ ಹೊಟ್ಟೆಯ ಮೀನುಗಳು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಪಕ್ಕದಲ್ಲಿ ಮೀನು ಆರಿಸುತ್ತಿದ್ದವರು ಕೇರಳದಿಂದ ಬಂದು ಇಲ್ಲಿ ನೆಲೆಸಿದ ಮನೆತನದ ಅಮ್ಮ. "ಇದಕ್ಕೆ ಮರಗೆಣಸು ಬೇಯಿಸ್ತೇವೆ" ಎಂದರು ಸಂತೋಷದಿಂದ. ಅವರ ಮೀನಿಗೆ ಮರಗೆಣಸು, ನಮ್ಮ ಮೀನಿಗೆ ಅಕ್ಕಿರೊಟ್ಟಿ. ಬರೀ ಮೀನು ಯಾರ ಮನೆಯಲ್ಲೂ ಊಟವಲ್ಲ. ಅಕ್ಕ ಅಂದು ನನಗಾಗಿ ರವೆ ಮುಟ್ಟಿಸದೆ, ಕಾಳುಮೆಣಸು, ಅರಿಸಿನ, ವಾಟೆಹುಳಿ ಅರೆದು ಹಚ್ಚಿ, ತೆಂಗಿನೆಣ್ಣೆಯಲ್ಲಿ ಕಾಯಿಸಿದಳು. ಬಡಿಸಿ ಎದುರಿಗೇ ಕೂತಳು. "ರೊಟ್ಟಿ ಇಲ್ದೆ ಹೊಟ್ಟೆ ತುಂಬ್ತಾ?" ಎಂದು ಮೂರು ಸಲ ಕೇಳಿದಳು. ಹೊಟ್ಟೆ ತುಂಬಿತ್ತು. ತುಂಬಿತೆಂದು ಅವಳಿಗೆ ನಂಬಿಸುವುದೇ ಕಷ್ಟವಾಯಿತು.

ಊರಿಗೆ ಮರಳಿದಾಗ ಮಳೆ ಪುಷ್ಯಕ್ಕೆ ಹೊರಳಿತ್ತು. ತಿಂಗಳ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ವೈದ್ಯರು ಸಂತೋಷಪಟ್ಟರು, ಆದರೆ ಕೇಳಿದರು: "ವರ್ಷಗಟ್ಟಲೆ ಹೀಗೇ ಇರ್ತೀರಾ?" ನಾನು ಸುಮ್ಮನಿದ್ದೆ. ಅವರೇ ಹೇಳಿದರು: "ನಡೆಸಿಕೊಂಡು ಹೋಗೋಕೆ ಆಗೋ ಊಟ ಮಾಡಿ. ಅನ್ನ ಅರ್ಧಕ್ಕಿಂತ ಕಡಿಮೆ ಇರಲಿ, ಸೊಪ್ಪು, ಕಾಳು, ಮೊಟ್ಟೆ, ಮೀನು ಹೆಚ್ಚಿರಲಿ. ಪರೀಕ್ಷೆ ತಪ್ಪಿಸಬೇಡಿ." 2025ರ ಆ ವರದಿ ಹೇಳುವುದೂ ಇಂಥದನ್ನೇ. ಅಕ್ಕಿ ಬಿಟ್ಟು ಗೋಧಿ ಹಿಡಿದರೆ ಸಾಲದು, ಪಿಷ್ಟದ ಒಟ್ಟು ಪಾಲೇ ಇಳಿದು ಆ ಜಾಗಕ್ಕೆ ಕಾಳು, ಹಾಲು, ಮೊಸರಿನಂಥ ಪ್ರೋಟೀನು ಬರಬೇಕು.

ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತು ನೋಡಿದೆ. ಹಿತ್ತಲಿನ ತುಂಬ ಹಸಿರು ಎದ್ದಿತ್ತು. ಕೆಸು, ಒಂದೆಲಗ, ದೊಡ್ಡಪತ್ರೆ, ಬಾಳೆದಿಂಡು. ಮನೆ ಹಿಂದಿನ ಬಿದಿರು ಮೆಳೆಯ ಕಳಲೆ ಎರಡು ದಿನದಿಂದ ನೀರಿನಲ್ಲಿ ನೆನೆದು ಕಹಿ ಬಿಡುತ್ತಿತ್ತು. ಎಲ್ಲವೂ ನಮ್ಮ ಊಟದಲ್ಲಿ ಮೊದಲಿನಿಂದಲೂ ಇದ್ದವು, ಎಲೆಯ ತುದಿಯಲ್ಲಿ, ಅನ್ನ ಇಳಿಯಲು ನೆಂಚಿಕೊಳ್ಳುವಷ್ಟು. ಹೊಸದೇನನ್ನೂ ಪೇಟೆಯಿಂದ ತರಬೇಕಾಗಿರಲಿಲ್ಲ. ತುದಿಯಲ್ಲಿದ್ದದ್ದು ನಡುವಿಗೆ ಬರಬೇಕಿತ್ತು, ಅಷ್ಟೆ.

ಮಾರನೆಯ ಬೆಳಗ್ಗೆ ಎದ್ದು ಅಡಿಗೆಮನೆಗೆ ಬಂದೆ. ಅದೇ ಒಲೆ, ಅದೇ ಹಬೆ. ನನ್ನ ಮಣೆ ಕಿಟಕಿಯ ಹತ್ತಿರವಿರಲಿಲ್ಲ, ಸಾಲಿನಲ್ಲಿ ಅಪ್ಪಯ್ಯನ ಪಕ್ಕದಲ್ಲಿತ್ತು. ಅವ್ವ ಮೊದಲು ತಟ್ಟೆಯ ತುಂಬ ಕಳಲೆ-ಹೆಸರುಕಾಳಿನ ಪಲ್ಯ ಹಾಕಿದಳು, ಬಟ್ಟಲಿಗೆ ಒಂದೆಲಗದ ತಂಬುಳಿ ಹೊಯ್ದಳು. ಆಮೇಲೆ ಮುಚ್ಚಳ ತೆಗೆದಳು. ಕಡುಬುಗಳು ನಿಂಬೆಹಣ್ಣಿನ ಗಾತ್ರಕ್ಕೆ ಇಳಿದಿದ್ದವು. ನನ್ನದಷ್ಟೇ ಅಲ್ಲ, ಎಲ್ಲವೂ. ಅಪ್ಪಯ್ಯನ ತಟ್ಟೆಗೂ ಅವೇ, ಮಕ್ಕಳ ತಟ್ಟೆಗೂ ಅವೇ.

ನಾನು ಅವ್ವನ ಮುಖ ನೋಡಿದೆ. "ನಿನಗೊಬ್ಬನಿಗೆ ಬ್ಯಾರೆ ಅಡಿಗೆ ಮಾಡಿ ಮೂಲೆಗೆ ಕೂರ್ಸೋದು ನನಗೆ ಸರಿ ಬರಲ್ಲ" ಎಂದಳು. "ಮನೇಗೇ ಸಣ್ಣದು ಮಾಡಿದೀನಿ. ಎರಡು ತಿನ್ನು."

ಗೂಡಿನಲ್ಲಿ ಪಾವಿನ ಒಳಮೈಗೆ, ನಡುವಿನಲ್ಲಿ, ಮಸಿಯಿಂದ ಎಳೆದ ಗೆರೆಯೊಂದು ಕಂಡಿತು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ನಾನು ಕಡುಬು ಮುರಿದು, ನಡುವೆ ಗುಳಿ ಮಾಡಿ, ತಟ್ಟೆಯನ್ನು ಅವ್ವನ ಕಡೆ ಸರಿಸಿದೆ.