ಪಂಚಾಂಗ ನೋಡಿ ಹೋಗಬೇಕಾದ ಕಡಲ ತೋಟ

ಮೈಸೂರಿನ ಮೃಗಾಲಯಕ್ಕಾಗಲಿ ಬೆಂಗಳೂರಿನ ಲಾಲ್‌ಬಾಗಿಗಾಗಲಿ ಮಕ್ಕಳುಮರಿಗಳೊಡನೆ ಹೊರಡುವವರು ಗಡಿಯಾರ ನೋಡುತ್ತಾರೆ. ಬಾಗಿಲು ತೆರೆಯುವುದು ಎಷ್ಟು ಗಂಟೆಗೆ, ರಜೆ ಯಾವ ವಾರ ಎಂದು ವಿಚಾರಿಸುತ್ತಾರೆ. ಗುಜರಾತಿನ ಜಾಮನಗರದ ಕಡಲ ತೀರದಲ್ಲಿ ಒಂದು ಉದ್ಯಾನವುಂಟು. ಅಲ್ಲಿಗೆ ಹೋಗುವವರು ಮೊದಲು ನೋಡಬೇಕಾದುದು ಪಂಚಾಂಗವನ್ನು. ಅಷ್ಟಮಿಯ ದಿನ ಹೋದವರಿಗೆ ಬರಿಯ ನೀರು ಕಂಡೀತು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹೊತ್ತರಿತು ಹೋದವರಿಗೆ ಕಡಲಿನ ತಳವೇ ಕಾಣುತ್ತದೆ. ಈ ತೋಟದ ಬಾಗಿಲು ತೆರೆಯುವವನು ಚಂದ್ರ.

ಇದು ಕಛ್ ಕೊಲ್ಲಿಯ ಕಡಲ ರಾಷ್ಟ್ರೀಯ ಉದ್ಯಾನ. ಕೊಲ್ಲಿಯ ದಕ್ಷಿಣದ ದಡವನ್ನೂ ಅಲ್ಲಿ ಚದುರಿರುವ 42 ದ್ವೀಪಗಳನ್ನೂ ಒಳಗೊಂಡ ಪ್ರದೇಶವನ್ನು 1980ರಲ್ಲಿ ಅಭಯಾರಣ್ಯವೆಂದು ಸಾರಿದರು. ಅದರೊಳಗಿನ ಸುಮಾರು 163 ಚದರ ಕಿಲೋಮೀಟರ್ ಭಾಗ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಡಲಿನ ಜೀವಿಗಳಿಗಾಗಿ ನಮ್ಮ ದೇಶದಲ್ಲಿ ಏರ್ಪಟ್ಟ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೇ ಮೊದಲನೆಯದು. ಕಡಲ ಜೀವಿಗಳನ್ನು ನೋಡಬೇಕಾದರೆ ಬೇರೆಡೆ ಗಾಜಿನ ತೊಟ್ಟಿಯ ಮುಂದೆ ನಿಲ್ಲಬೇಕು, ಇಲ್ಲವೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗಬೇಕು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿಯ ಹವಳಗಳನ್ನು ಕಾಣುವುದು ಹಾಗೆ ಮುಳುಗುವವರೇ. ಕಛ್ ಕೊಲ್ಲಿಯ ನರಾರದಲ್ಲಾದರೋ ಅಜ್ಜಿಯೂ ಮೊಮ್ಮಗಳೂ ಕೈ ಹಿಡಿದುಕೊಂಡು, ಕಾಲಿನ ಹರಡು ಮುಳುಗುವಷ್ಟು ನೀರಿನಲ್ಲಿ ನಡೆದು ಅವನ್ನು ನೋಡಬಹುದು.

ನನ್ನ ಅಳಿಯನಿಗೆ ಜಾಮನಗರದಲ್ಲಿ ಉದ್ಯೋಗ. ಆ ನೆವದಿಂದ ಮಾಘ ಮಾಸದ ಹುಣ್ಣಿಮೆಯ ಮರುದಿನ ನಾವು ಐದು ಮಂದಿ ಅಲ್ಲಿಗೆ ಹೋದೆವು. ಊರಿನಿಂದ ಮೋಟಾರಿನಲ್ಲಿ ಸುಮಾರು ಅರುವತ್ತು ಕಿಲೋಮೀಟರ್, ವಾಡಿನಾರಿನ ಬಳಿ. ದಡದಲ್ಲಿ ನಿಂತರೆ ಎದುರಿಗೆ ಕಡಲೇ ಇಲ್ಲ. ಕಣ್ಣಿಗೆ ಕಾಣುವಷ್ಟು ದೂರ ಒದ್ದೆ ಮರಳು, ಕೆಸರು, ಕಪ್ಪು ಬಂಡೆ. ಅಲ್ಲಲ್ಲಿ ಕನ್ನಡಿಯ ಚೂರುಗಳಂತೆ ಹೊಳೆಯುವ ಕೊಳಗಳು. ನನ್ನ ಮನೆಯವರು ಕೇಳಿದ ಮೊದಲ ಪ್ರಶ್ನೆ, “ಇಷ್ಟು ನೀರು ಎಲ್ಲಿಗೆ ಹೋಯಿತು?” ಎಂದು. ಅದಕ್ಕೆ ಸರಿಯಾದ ಉತ್ತರ ಕೊಡದೆ ಮುಂದೆ ಹೋಗುವುದು ಮೇಷ್ಟರಿಗೆ ಸಲ್ಲದು.

ಚಂದ್ರನು ಭೂಮಿಯನ್ನು ಸೆಳೆಯುತ್ತಾನೆ. ಅವನಿಗೆ ಹತ್ತಿರವಾದ ಮಗ್ಗುಲಿನ ನೀರಿನ ಮೇಲೆ ಆ ಸೆಳೆತ ಹೆಚ್ಚು. ಭೂಮಿಯ ನಡುವಿನ ಮೇಲೆ ಅದಕ್ಕಿಂತ ಕಡಿಮೆ. ಆಚೆಯ ಮಗ್ಗುಲಿನ ನೀರಿನ ಮೇಲೆ ಇನ್ನೂ ಕಡಿಮೆ. ಈ ಹೆಚ್ಚುಕಡಿಮೆಯಿಂದ ಎರಡು ಮಗ್ಗುಲಿನಲ್ಲಿಯೂ ನೀರು ಉಬ್ಬುತ್ತದೆ, ನಡುವಿನ ಭಾಗಗಳಲ್ಲಿ ಇಳಿಯುತ್ತದೆ. ಭೂಮಿ ತಿರುಗುತ್ತಿರುವುದರಿಂದ ಒಂದೇ ತೀರಕ್ಕೆ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಚಂದ್ರೋದಯ ದಿನದಿನಕ್ಕೆ ತಡವಾಗುವಂತೆ ಇಳಿತದ ಹೊತ್ತೂ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಸೂರ್ಯನಿಗೂ ಇದರಲ್ಲಿ ಪಾಲುಂಟು. ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ. ಅಮಾವಾಸ್ಯೆಯಲ್ಲಿ ಇಬ್ಬರೂ ಒಂದೇ ಕಡೆ, ಹುಣ್ಣಿಮೆಯಲ್ಲಿ ಎದುರುಬದುರು. ಎರಡು ಸಂದರ್ಭದಲ್ಲಿಯೂ ಒಂದೇ ಗೆರೆಯ ಮೇಲೆ ನಿಂತು ಕೈಜೋಡಿಸುತ್ತಾರೆ. ಆಗ ಉಬ್ಬರ ಬಲು ಎತ್ತರ, ಇಳಿತ ಬಲು ತಗ್ಗು. ಅಷ್ಟಮಿಯ ಹೊತ್ತಿಗೆ ಒಬ್ಬರಿಗೊಬ್ಬರು ಅಡ್ಡವಾಗಿರುವುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರು ಕುಗ್ಗಿಸುತ್ತಾರೆ. ಈ ಜೋಡಿ ಸೆಳೆತದ ಪೂರ್ಣ ಫಲ ಕಾಣುವುದು ಪರ್ವದಿನ ಕಳೆದು ಒಂದೆರಡು ದಿನಕ್ಕೆ. ಆದುದರಿಂದ ಪಾಡ್ಯ ಬಿದಿಗೆಗಳೇ ನಮಗೆ ಒಳ್ಳೆಯ ದಿನಗಳು. ಪ್ರಯಾಣಕ್ಕೆ ಶುಭವೇ ಎಂದು ಜೋಯಿಸರನ್ನು ಕೇಳಬೇಕಾದುದಿಲ್ಲ. ಹುಣ್ಣಿಮೆಯ ಚಂದ್ರನನ್ನು ಕಂಡು ಕಡಲು ಉಕ್ಕುವುದು ನಮ್ಮ ಹಳೆಯ ಕವಿಗಳಿಗೆ ಬಹು ಪ್ರಿಯವಾದ ವರ್ಣನೆ. ಅಮಾವಾಸ್ಯೆಯಂದೂ ಕಡಲು ಹಾಗೆಯೇ ಉಕ್ಕುತ್ತದೆಂಬುದು ಬೆಸ್ತರಿಗೆ ಗೊತ್ತಿತ್ತು. ಕವಿಗಳಾದರೋ ಕಾಣದ ಚಂದ್ರನನ್ನು ವರ್ಣಿಸುವುದಾದರೂ ಹೇಗೆ!

ಹಾಗಾದರೆ ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ಕಡಲು ಹೀಗೇಕೆ ಮೈಲುದ್ದ ಹಿಂದೆ ಸರಿಯದು? ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಅಂತರ ಒಂದೂವರೆ ಎರಡು ಮೀಟರಿನ ಆಸುಪಾಸು. ಕಛ್ ಕೊಲ್ಲಿಯ ಆಕಾರ ಆಲಿಕೆಯಂತೆ: ಬಾಯಿ ಅಗಲ, ಒಳಗೆ ಹೋದಂತೆ ಕಿರಿದು, ಆಳವೂ ಕಡಿಮೆ. ಅಗಲ ಬಾಯಿಯಿಂದ ನುಗ್ಗಿದ ನೀರಿಗೆ ಒಳಗೆ ಜಾಗ ಸಾಲದೆ ಅದು ಎತ್ತರಕ್ಕೆ ಏರುತ್ತದೆ. ಒಳಗಿನ ಕಾಂಡ್ಲಾ ಬಂದರಿನ ಬಳಿ ಈ ಅಂತರ 6 ಮೀಟರನ್ನೂ ಮೀರುತ್ತದೆ. ನರಾರದ ನೆಲ ಬಹುಮಟ್ಟಿಗೆ ಚಪ್ಪಟೆ. ಚಪ್ಪಟೆ ನೆಲದ ಮೇಲಿನ ನೀರು ಕೆಲವು ಮೀಟರು ಇಳಿದರೂ ಸಾಕು, ದಡ ಬಹು ದೂರ ಓಡಿಹೋಗುತ್ತದೆ. ತಟ್ಟೆಯಲ್ಲಿಟ್ಟ ನೀರನ್ನೂ ಲೋಟದಲ್ಲಿಟ್ಟ ನೀರನ್ನೂ ತುಸು ತುಸು ಚೆಲ್ಲಿ ತೋರಿಸಿದರೆ ಮಕ್ಕಳಿಗೂ ಇದು ತಿಳಿಯುತ್ತದೆ.

ಅರಣ್ಯ ಇಲಾಖೆಯ ಚೀಟಿ ಪಡೆದು, ದಾರಿ ತೋರುವ ಸ್ಥಳೀಯನೊಬ್ಬನನ್ನು ಜೊತೆಗಿಟ್ಟುಕೊಂಡು ಇಳಿದೆವು. ದಡದ ಕೆಸರಿನಲ್ಲಿ ಕಾಂಡ್ಲಾ ಗಿಡಗಳ ಉಸಿರುಬೇರುಗಳು ಪೆನ್ಸಿಲುಗಳನ್ನು ನೆಟ್ಟಂತೆ ಎದ್ದಿದ್ದವು. ಅವುಗಳ ನಡುವೆ ಬೆರಳುದ್ದದ ಮೀನುಗಳು ನೀರಿನ ಹಂಗಿಲ್ಲದೆ ಕುಪ್ಪಳಿಸುತ್ತಿದ್ದವು. ಈ ಕೊಲ್ಲಿಯ ಆಸುಪಾಸಿನ ಖಾರಾಯಿ ಜಾತಿಯ ಒಂಟೆಗಳು ನೀರಿನಲ್ಲಿ ಈಜಿಕೊಂಡು ಹೋಗಿ ಈ ಗಿಡಗಳ ಸೊಪ್ಪು ಮೇಯುತ್ತವೆ. ನಾವು ಅವನ್ನು ನೋಡಲಿಲ್ಲ. ಈಜುವ ಒಂಟೆಯ ಮಾತು ಕೇಳಿಯೇ ಮೊಮ್ಮಗಳಿಗೆ ತೃಪ್ತಿಯಾಯಿತು.

ಮುಂದೆ ಹೋದಂತೆ ಪ್ರತಿಯೊಂದು ಕೊಳವೂ ಒಂದು ಊರು. ತಟ್ಟೆಯಗಲದ ಕಡಲಹೂವು, ಎಂದರೆ ಸೀ ಅನಿಮೋನ್, ನೂರಾರು ಎಳೆಗಳನ್ನು ಹರಡಿಕೊಂಡಿತ್ತು. ಹೂವೆಂಬ ಹೆಸರಿದ್ದರೂ ಅದು ಬೇಟೆಯಾಡುವ ಪ್ರಾಣಿ. ಎಳೆಗಳಲ್ಲಿ ಚುಚ್ಚುವ ನಂಜಿದೆ. ಬಂಡೆಯ ಅಡಿಯಿಂದ ಹಾವಿನಂತೆ ಬಳುಕುವ ಐದು ತೋಳುಗಳನ್ನು ಚಾಚಿದ ನಕ್ಷತ್ರಮೀನು, ಮರಳಿನ ಮೇಲೆ ಸುಮ್ಮನೆ ಬಿದ್ದಿದ್ದ ಕಡಲಸೌತೆ, ಅಡ್ಡಡ್ಡವಾಗಿ ಓಡುವ ಏಡಿಗಳು; ಎಲ್ಲವನ್ನೂ ವರ್ಣಿಸಲು ಪುಟ ಸಾಲದು. ಆಕ್ಟೋಪಸ್ ಒಂದನ್ನು ಮಾತ್ರ ಬಿಡಲಾರೆ. ದಾರಿ ತೋರುವವನು ಬೊಟ್ಟು ಮಾಡಿ ತೋರಿಸಿದರೂ ನಮಗೆ ಕಂಡದ್ದು ಬರಿಯ ಬಂಡೆ. ಸ್ವಲ್ಪ ಹೊತ್ತು ಅಲುಗದೆ ನಿಂತೆವು. ಆ ಬಂಡೆಯ ಒಂದು ಮೂಲೆ ಕಣ್ಣು ತೆರೆಯಿತು, ಕಂದುಬಣ್ಣ ಬೂದಿಯಾಯಿತು, ಎಂಟು ತೋಳುಗಳ ಪ್ರಾಣಿ ಹರಿದು ಇನ್ನೊಂದು ಸಂದಿಗೆ ಸೇರಿತು. ಇದಕ್ಕೆ ಮೂರು ಹೃದಯಗಳು, ರಕ್ತ ನೀಲಿ. ಅಲುಗದೆ ನಿಲ್ಲದವರಿಗೆ ಇದು ಕಾಣುವುದಿಲ್ಲ, ಮತ್ತು ಮನೆಮಂದಿಯನ್ನು ಅಲುಗದೆ ನಿಲ್ಲಿಸುವುದೇ ಅಲ್ಲಿ ಕಷ್ಟದ ಕೆಲಸ.

ಇನ್ನು ಹವಳದ ಮಾತು. ಸಂಸ್ಕೃತದ ಪ್ರವಾಳವೇ ಕನ್ನಡದಲ್ಲಿ ಪವಳವಾಗಿ, ಪಾಲು ಹಾಲಾದಂತೆ, ಹವಳವಾಯಿತು. ಪ್ರವಾಳಕ್ಕೆ ಚಿಗುರು ಎಂಬ ಅರ್ಥವೂ ಇದೆ. ನವರತ್ನದ ಕೆಂಪು ಹವಳ ಬೇರೆ. ಹೆಸರಾದ ಕೆಂಪು ಹವಳ ಬರುವುದು ಮೆಡಿಟರೇನಿಯನ್ ಕಡಲಿನ ಆಳದಿಂದ. ಇಲ್ಲಿನ ಹವಳ ಬಂಡೆಯಂತೆ ಕಾಣುತ್ತದೆ, ಬೂದು, ಹಸಿರು, ಕಂದು ಬಣ್ಣಗಳಲ್ಲಿ. ಆದರೆ ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಮನೆ ಕಟ್ಟಿಕೊಂಡು ಒತ್ತೊತ್ತಾಗಿ ವಾಸಿಸುವ ಪುಟ್ಟ ಪ್ರಾಣಿಗಳ ಸಂಸಾರ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿರುತ್ತದೆ. ಬಿಸಿಲಿನಲ್ಲಿ ಆಹಾರ ತಯಾರಿಸಿ ಮನೆಯ ಯಜಮಾನನಿಗೂ ಕೊಡುತ್ತದೆ. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆದರೆ ಹೆಚ್ಚು. ಕುಂಬಳಕಾಯಿಯಷ್ಟು ದಪ್ಪದ ಹವಳವೊಂದು ಒಂಬತ್ತು ವರ್ಷದ ನಮ್ಮ ಮೊಮ್ಮಗಳಿಗಿಂತ ಹಿರಿಯದು. ಅದರ ಮೇಲೆ ಬೂಟಿನ ಕಾಲಿಟ್ಟರೆ ಮೇಲ್ಮೈಯ ಮೃದುವಾದ ಜೀವಗಳೆಲ್ಲ ನುಜ್ಜುಗುಜ್ಜು. ಆದ್ದರಿಂದಲೇ ದಾರಿ ತೋರುವವನು ಮರಳನ್ನೇ ಹುಡುಕಿ ಹುಡುಕಿ ಹೆಜ್ಜೆ ಇಡುತ್ತಾನೆ. ಹಿಂದಿನವರು ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡತಕ್ಕದ್ದು. ಸಾಲು ಬಿಟ್ಟು ಫೋಟೋ ತೆಗೆಯಲು ಓಡುವವರನ್ನು ಕಂಡರೆ ನನಗೆ ತರಗತಿಯ ಬೆತ್ತ ನೆನಪಾಗುತ್ತದೆ.

ಕಾಲಿನಂತೆಯೇ ಕೈಯೂ. ಇನ್ನೊಂದು ತಂಡದವರಾರೋ ಒಂದು ಪಫರ್ ಮೀನನ್ನು ನೀರಿನಿಂದೆತ್ತಿ ಹಿಡಿದು ಮಕ್ಕಳಿಗೆ ತೋರಿಸುತ್ತಿದ್ದರು. ಹೆದರಿದ ಮೀನು ಚೆಂಡಿನಂತೆ ಊದಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀರಿನಲ್ಲಿದ್ದಾಗ ಅದು ನೀರು ನುಂಗಿ ಊದುತ್ತದೆ, ಅಪಾಯ ಕಳೆದ ಮೇಲೆ ಉಗುಳುತ್ತದೆ. ಹೊರಗೆ ಎತ್ತಿದಾಗ ನುಂಗುವುದು ಗಾಳಿಯನ್ನು. ಅದನ್ನು ಹೊರಹಾಕುವುದು ಎಷ್ಟೋ ಸಲ ಕಷ್ಟವಾಗಿ, ಹೊಟ್ಟೆ ಮೇಲಾಗಿ ತೇಲುತ್ತದೆ. ಚಪ್ಪಾಳೆ ಬಿದ್ದದ್ದು ಪ್ರಾಣಭಯಕ್ಕೆ. ನಮ್ಮ ಜೊತೆಗಿದ್ದವನಿಗೆ ಮೊದಲೇ, “ಏನನ್ನೂ ಎತ್ತಬೇಡಪ್ಪಾ, ಇದ್ದಲ್ಲಿಯೇ ತೋರಿಸು” ಎಂದು ಅಳಿಯ ಗುಜರಾತಿಯಲ್ಲಿ ಹೇಳಿದ್ದ. ಅವನಿಗೂ ಅದು ಮೆಚ್ಚಿಗೆಯಾಯಿತು. ನೋಡಲು ಬಂದವರು ಎತ್ತಿ ತೋರಿಸಬೇಕೆಂದು ಬಯಸುವುದರಿಂದಲ್ಲವೆ ತೋರಿಸುವವರು ಎತ್ತುವುದು?

ಮೊಮ್ಮಗಳಿಗೆ ಶಂಖವೊಂದು ಬೇಕೆನಿಸಿತು. “ಒಂದು ತಾನೇ, ಇರಲಿ ಬಿಡಿ” ಎಂದು ಅಜ್ಜಿಯ ಶಿಫಾರಸೂ ಆಯಿತು. ದಾರಿ ತೋರುವವನು ಅದನ್ನು ಮರಳಿನ ಮೇಲೆ ಇಟ್ಟು ಕಾಯಲು ಹೇಳಿದ. ಎರಡು ನಿಮಿಷದಲ್ಲಿ ಶಂಖಕ್ಕೆ ಕಾಲು ಬಂದವು. ಸತ್ತ ಶಂಖದ ಹುಳುವಿನ ಮನೆಯಲ್ಲಿ ಬಿಡಾರ ಮಾಡುವ ಸನ್ಯಾಸಿ ಏಡಿ ಅದು. ಬೆಳೆದಂತೆ ಇನ್ನೂ ದೊಡ್ಡ ಖಾಲಿ ಚಿಪ್ಪನ್ನು ಹುಡುಕಬೇಕು, ಸಿಕ್ಕದಿದ್ದರೆ ಮೆತ್ತನೆಯ ಬೆನ್ನು ಬಯಲು. ಖಾಲಿ ಚಿಪ್ಪೂ ಹೀಗೆ ಒಬ್ಬರ ಮನೆಯೇ. ಹವಳದ ವಿಷಯದಲ್ಲಂತೂ ಕಾನೂನೇ ಇದೆ: 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಹವಳಗಳನ್ನೂ ಕಡಲಸೌತೆಯನ್ನೂ 2001ರಲ್ಲಿ ಸೇರಿಸಿದರು. ದಡಕ್ಕೆ ಬಿದ್ದ ಒಣ ತುಂಡನ್ನೂ ಷೋಕೇಸಿಗೆಂದು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ.

ಪ್ರವಾಸಿಗಳ ಕಾಲಿಗಿಂತ ದೊಡ್ಡ ಪೆಟ್ಟುಗಳನ್ನೂ ಈ ಕೊಲ್ಲಿ ತಿಂದಿದೆ. ಉದ್ಯಾನವಾಗುವುದಕ್ಕೆ ಮೊದಲು ಇಲ್ಲಿಯ ಹವಳದ ಮರಳನ್ನು ಬಗೆದು ಸಿಮೆಂಟಿಗೆ ಸಾಗಿಸಿದ ಕಾಲವಿತ್ತು. ಕಾಂಡ್ಲಾ ಗಿಡಗಳನ್ನು ಸೌದೆಗೂ ಮೇವಿಗೂ ಕಡಿದರು. ಆ ಗಿಡಗಳು ಹೋದರೆ ಹೂಳು ತಡೆಯುವವರಿಲ್ಲ. ಹೂಳು ಕುಳಿತ ಹವಳಕ್ಕೆ ಬೆಳಕಿಲ್ಲ, ಉಸಿರಿಲ್ಲ. ಮುಂದೆ ಗಿಡಗಳನ್ನು ನೆಡಿಸುವ ಕೆಲಸ ನಡೆಯಿತು. ತೀರದಲ್ಲಿ ಎಣ್ಣೆ ಶುದ್ಧೀಕರಿಸುವ ದೊಡ್ಡ ಕಾರ್ಖಾನೆಗಳೂ ಬಂದರುಗಳೂ ಇವೆ. ನಡೆಯುವಾಗ ಅವುಗಳ ಕೊಳವೆಗೋಪುರಗಳು ದೂರದಲ್ಲಿ ಕಾಣುತ್ತವೆ. ಇವೆಲ್ಲಕ್ಕೂ ಮೇಲೆ ನೀರಿನ ಬಿಸಿ. ಬಿಸಿ ಮಿತಿಮೀರಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿಯೂ 2016ರಲ್ಲಿಯೂ ಜಗತ್ತಿನ ಎಷ್ಟೋ ಕಡಲುಗಳ ಹವಳಗಳಿಗೆ ಈ ಗತಿಯಾಯಿತು. ಕಛ್ ಕೊಲ್ಲಿಯ ಹವಳಗಳು ಉಳಿದವಕ್ಕಿಂತ ಗಟ್ಟಿಗರು. ಕದಡಿದ ನೀರು, ಹೆಚ್ಚಿನ ಉಪ್ಪು, ಇಳಿತದ ಹೊತ್ತಿನ ಸುಡುಬಿಸಿಲು ಎಲ್ಲವನ್ನೂ ಸಹಿಸಿ ಬಾಳಿದವು. ಸಹಿಸುವವರ ಮೇಲೆ ಇನ್ನಷ್ಟು ಹೊರೆ ಹೇರಬಹುದೆಂದು ಅದರ ಅರ್ಥವಲ್ಲವಷ್ಟೆ.

ಹೋಗಬಯಸುವವರಿಗೆ ಕೆಲವು ಮಾತು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಸಕಾಲ, ಮಳೆಗಾಲದಲ್ಲಿ ಹೋಗುವುದಲ್ಲ. ಪಂಚಾಂಗದಿಂದ ದಿನ ಗೊತ್ತಾದೀತು, ಗಂಟೆ ಗೊತ್ತಾಗದು. ಅದಕ್ಕೆ ಉಬ್ಬರವಿಳಿತದ ಕೋಷ್ಟಕ ಬೇಕು. ಜಾಮನಗರದಲ್ಲಿರುವ ಉದ್ಯಾನದ ಕಛೇರಿಯನ್ನು ಮೊದಲೇ ವಿಚಾರಿಸಿದರೆ ಆ ಹೊತ್ತೂ ತಿಳಿಯುತ್ತದೆ, ಅನುಮತಿಯ ನಿಯಮವೂ ತಿಳಿಯುತ್ತದೆ. ಗುರುತಿನ ಚೀಟಿ ಕೈಯಲ್ಲಿರಲಿ. ಇಳಿತದ ತುದಿಗೆ ಒಂದೂವರೆ ಗಂಟೆ ಮೊದಲೇ ಇಳಿದು, ನೀರು ತಿರುಗುವ ಮುನ್ನ ದಡದ ಕಡೆಗೆ ಮುಖ ಮಾಡಬೇಕು. ಚಪ್ಪಟೆ ನೆಲದಲ್ಲಿ ನೀರು ಹೇಗೆ ಬೇಗ ಹಿಂದೆ ಸರಿಯುತ್ತದೆಯೋ ಹಾಗೆಯೇ ಬೇಗ ಬರುತ್ತದೆ. ಎದುರಿನಿಂದಷ್ಟೇ ಅಲ್ಲ, ಬೆನ್ನ ಹಿಂದಿನ ತಗ್ಗುಗಳಲ್ಲಿಯೂ ತುಂಬುತ್ತದೆ. ಕಾಲಿಗೆ ಪಟ್ಟಿ ಕಟ್ಟುವ ರಬ್ಬರಿನ ಷೂ ಒಳ್ಳೆಯದು. ಚಪ್ಪಲಿ ಕೆಸರಿಗೆ ಕಾಣಿಕೆಯಾಗುತ್ತದೆ. ಟೋಪಿ, ಕುಡಿಯುವ ನೀರು ಮರೆಯಬಾರದು, ನೆರಳೆಂಬುದು ಅಲ್ಲಿಲ್ಲ. ಸಂಜೆ ಬಿಡುವಿದ್ದರೆ ಜಾಮನಗರದ ಹತ್ತಿರವೇ ಇರುವ ಖಿಜಡಿಯಾ ಪಕ್ಷಿಧಾಮಕ್ಕೆ ಹೋಗಬಹುದು. ಒಡ್ಡಿನ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು. ಚಳಿಗಾಲದಲ್ಲಿ ಎರಡು ಬಗೆಯ ನೀರಿನ ಹಕ್ಕಿಗಳೂ ಅಲ್ಲಿ ಸೇರುತ್ತವೆ, ಮತ್ತು ಅದಕ್ಕೆ ಪಂಚಾಂಗ ನೋಡಬೇಕಾದುದಿಲ್ಲ.